ಮರಳು ಕದ್ದವರು ನೀರು ಕದ್ದವರು

ಹಳ್ಳದ ಅಥವಾ ಕೆರೆಯಂಗಳದ ಮರಳಿನಲ್ಲಿ ತಾನಾಗಿ ಜಿನುಗುವ ಸೆಲೆಯೇ ತಲಪರಿಗೆ. ಅದನ್ನು ಅಗೆದು, ಸುತ್ತ ಕಲ್ಲು ಕಟ್ಟಿ, ಸಣ್ಣ ಕಾಲುವೆಯಲ್ಲಿ ಕೆಳಗಿನ ಗದ್ದೆ, ತೋಟಗಳಿಗೆ ಹಾಯಿಸುವುದು ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ತಾಲ್ಲೂಕುಗಳ ಹಳೆಯ ನೀರಾವರಿ. ಕೆರೆ ಒಣಗಿದ ಮೇಲೂ ಜನ, ಜಾನುವಾರುಗಳ ಬಾಯಾರಿಕೆ ತಣಿಸಿದ್ದು ತಲಪರಿಗೆಯೇ. ಇವತ್ತು ಅದರ ಬುಡವನ್ನೇ ಲಾರಿಗೆ ತುಂಬಿ ಸಾಗಿಸಲಾಗುತ್ತಿದೆ.

ಈ ಸೀಮೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಮುಂಗಾರು ಇಲ್ಲಿಗೆ ಬರಿ ಗಾಳಿಯಾಗಿ ಬರುವುದೇ ಹೆಚ್ಚು. ವರ್ಷದ ಮಳೆ ಸುಮಾರು 500ರಿಂದ 650 ಮಿಲಿಮೀಟರ್. ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ, ಕೆಲವೇ ದಿನ ಜೋರಾಗಿ ಹೊಡೆದು ನಿಂತುಬಿಡುತ್ತದೆ. ಕೆರೆಯ ತೆರೆದ ನೀರನ್ನು ಬಿಸಿಲು ಹೀರುತ್ತದೆ. ಮರಳಿನೊಳಗೆ ಇಳಿದ ನೀರು ಬಿಸಿಲಿನ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಬೋಳು ಕಲ್ಲುಬೆಟ್ಟಗಳ ಮೇಲೆ ಬಿದ್ದ ಮಳೆ ತಪ್ಪಲಿನ ಮರಳುಮಣ್ಣಿನಲ್ಲಿ ಇಂಗಿ, ಅಡಿಯ ಗಟ್ಟಿ ಬಂಡೆಯ ಮೇಲೆ ಮೆಲ್ಲಗೆ ಸರಿದು, ಬಂಡೆ ಅಡ್ಡ ಬಂದಲ್ಲಿ ಮೇಲೆದ್ದು ಬರುತ್ತದೆ. ಹಿಂಗಾರಿನ ನಾಲ್ಕು ಹದಮಳೆ ಬೇಸಿಗೆಯವರೆಗೂ ಒದಗುತ್ತಿದ್ದುದು ಹೀಗೆ. ಇಲ್ಲಿ ಮರಳೇ ಜಲಾಶಯ.

ಇದು ಯಾರೋ ಕಟ್ಟಿದ ಕಥೆಯಲ್ಲ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹತ್ತೊಂಬತ್ತನೆಯ ಶತಮಾನದಲ್ಲೇ ತಲಪರಿಗೆಗಳನ್ನು ಹೆಸರಿಸಿ ವಿವರಿಸಿದೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿನತ್ತ ಗೆರೆ ಎಳೆದರೆ ಅದರ ಪೂರ್ವದ ಗಡಿಸೀಮೆಯೆಲ್ಲ ಇವುಗಳ ನೆಲೆ. ಈ ಗಡಿಸೀಮೆಯ ದಕ್ಷಿಣ ಭಾಗದಲ್ಲಿ ಮರಳುನೆಲವನ್ನು ಅಲ್ಲಲ್ಲೇ ಕೆದಕಿದರೆ ನೀರು ಮೇಲಕ್ಕೇ ಸಿಗುತ್ತಿತ್ತು. ಅದನ್ನು ಕಾಲುವೆಯಲ್ಲಿ ಹಾಯಿಸುತ್ತಿದ್ದರು, ಇಲ್ಲವೇ ಕಪಿಲೆ ಬಾವಿ ತೋಡಿ ಎತ್ತಿನಿಂದ ಎತ್ತುತ್ತಿದ್ದರು. ನೀರಿನ ಜೊತೆಗೆ ಕಟ್ಟುಪಾಡೂ ಇತ್ತು. ಹೂಳೆತ್ತುವ ದಿನ ಅಚ್ಚುಕಟ್ಟಿನ ಮನೆಮನೆಯಿಂದ ಆಳು ಬರಬೇಕು, ಸರದಿಯಂತೆ ನೀರು ಬಿಡಬೇಕು. ತಲಪರಿಗೆ ಒಬ್ಬನ ಸ್ವತ್ತಾಗಿರಲಿಲ್ಲ, ಊರಿನದಾಗಿತ್ತು.

ಊರಿನ ಸ್ವತ್ತನ್ನು ಊರಿನ ಕಣ್ಣೆದುರೇ ದೋಚಲಾಗಿದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಒಡಲು ನೋಡಿದರೆ ಸಾಕು. ಹೊರಟಿದ್ದು ಮರಳೊಂದೇ ಅಲ್ಲ, ಮರಳು ಹಿಡಿದಿಟ್ಟ ಮಳೆ ಹೊರಟಿತು. ಮಳೆಯ ಹಿಂದೆ ತಲಪರಿಗೆ, ತಲಪರಿಗೆಯ ಹಿಂದೆ ತೋಟ, ತೋಟದ ಹಿಂದೆ ಊರಿನ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರು. ಮರಳು ಕದ್ದವರು ನೀರು ಕದ್ದರು, ನೀರು ಕದ್ದವರು ಊರನ್ನೇ ಕದ್ದರು!

ಕಟ್ಟಡಕ್ಕೆ ಮರಳು ಬೇಡವೇ ಎಂದು ಕೇಳುವವರಿದ್ದಾರೆ. ನಗರದ ಮಹಡಿ ಏಳಲು ಮಧುಗಿರಿಯ ಹಳ್ಳ ಸಾಯಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ. ತಲಪರಿಗೆ ಅಜ್ಜಂದಿರ ಕಾಲದ್ದು, ಈಗ ಕೊಳವೆಬಾವಿಯ ಕಾಲ ಎನ್ನುವವರೂ ಇದ್ದಾರೆ. ಆಳಕ್ಕೆ ಕೊರೆದು ಎತ್ತಿದ ಫ್ಲೋರೈಡ್ ನೀರಿನ ಗುರುತು ಪಾವಗಡ ಸೀಮೆಯ ಮಕ್ಕಳ ಹಲ್ಲಿನ ಮೇಲಿದೆ, ಹಿರಿಯರ ಬಗ್ಗದ ಮಂಡಿಯಲ್ಲಿದೆ. ಈ ವಾದಕ್ಕೆ ಬೇರೆ ಉತ್ತರ ಬೇಕಿಲ್ಲ.

ಕೆರೆ ಉಳಿಸುತ್ತೇವೆಂದು ಹೊರಟ ಸಂಘಗಳೂ ಈ ಪಾಪದಿಂದ ಹೊರಗಿಲ್ಲ. ಸೆಲೆ ಎಲ್ಲಿದೆಯೆಂದು ಊರಿನ ಹಿರಿಯರನ್ನು ಕೇಳದೆ ಜೆಸಿಬಿ ಇಳಿಸಿ, ಎತ್ತಿದ ಹೂಳನ್ನು ತಲಪರಿಗೆಯ ಬಾಯಿಗೇ ಸುರಿದವರು ಜಲರಕ್ಷಕರಲ್ಲ. ಭದ್ರಾ ಮೇಲ್ದಂಡೆ, ಎತ್ತಿನಹೊಳೆ ಎಂದು ಚುನಾವಣೆಯಿಂದ ಚುನಾವಣೆಗೆ ದೂರದ ನೀರಿನ ಭರವಸೆ ಹಂಚುವವರು ಕಾಲಡಿಯ ನೀರಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಕಾಲಡಿಯ ನೀರಿಗೆ ಟೆಂಡರ್ ಇಲ್ಲ!

ಹಿಂಗಾರಿಗೆ ಮೊದಲೇ ಕೆಲಸ ಶುರುವಾಗಬೇಕು. ಹಳ್ಳಗಳಿಂದ ಮರಳು ಎತ್ತುವುದು ನಿಲ್ಲಬೇಕು. ಪ್ರತಿ ಗ್ರಾಮ ಪಂಚಾಯಿತಿ ತನ್ನ ಎಲ್ಲೆಯ ತಲಪರಿಗೆಗಳನ್ನು ಹಿರಿಯರಿಂದ ಕೇಳಿ ಗುರುತಿಸಿ ಗ್ರಾಮಸಭೆಯಲ್ಲಿ ಬರೆದಿಡಬೇಕು. ಸೆಲೆಯ ಬಾಯಿಗೆ ಬಿದ್ದ ಹೂಳು, ಅದರ ಮೇಲೆ ಬೆಳೆದ ಬಳ್ಳಾರಿ ಜಾಲಿ ತೆಗೆಯಬೇಕು. ಅಚ್ಚುಕಟ್ಟಿನ ಹಳೆಯ ಸರದಿ, ಹಳೆಯ ಕಟ್ಟುಪಾಡು ಮತ್ತೆ ನಡೆಯಬೇಕು. ಹಳ್ಳದ ಮರಳು ಊರಿನದು, ಅದರೊಳಗಿನ ನೀರೂ ಊರಿನದು. ಲಾರಿಯನ್ನು ತಡೆಯುವ ಹಕ್ಕು ಊರಿಗಿದೆ. ಆ ಹಕ್ಕನ್ನು ಊರು ಒಟ್ಟಾಗಿ ಚಲಾಯಿಸಬೇಕು.