ಮೊದಲನೆಯ ಕಣಿವೆ, ಎರಡನೆಯ ಕಣಿವೆ

ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆ ನಮ್ಮ ಮನೆಯಲ್ಲಿ ತಲೆಕೆಳಗಾಗಿದೆ. ಇಲ್ಲಿ ಚಾಳಿ ಹುಟ್ಟಿದ್ದು ಹನ್ನೊಂದು ವರ್ಷದ ಮಗಳಿಗೆ. ಅವಳಿಂದ ಅವಳ ತಾಯಿಗೆ. ಕಡೆಗೆ, ಕಚೇರಿಯಿಂದ ಬಂದು ಬೂಟು ಬಿಚ್ಚುವ ಮೊದಲೇ ಮೊಬೈಲು ಎಲ್ಲಿ ಎಂದು ಕೇಳುವ ನನಗೆ. ಚಾಳಿಯ ಹೆಸರು 'ಮಾನ್ಯುಮೆಂಟ್ ವ್ಯಾಲಿ'.

ಲಂಡನ್ನಿನ ಅಸ್‌ಟೂ ಎಂಬ ಸಂಸ್ಥೆಯವರು 2014ರಲ್ಲಿ ಹೊರತಂದ ಆಟ ಇದು. ಬಿಳಿಯ ಉಡುಪು, ಮೊನಚು ಟೋಪಿಯ ಐಡಾ ಎಂಬ ಪುಟ್ಟ ರಾಜಕುಮಾರಿಯನ್ನು ಹತ್ತು ಅಧ್ಯಾಯಗಳ ತನಕ ಗೋಪುರ, ಮೆಟ್ಟಿಲು, ಸೇತುವೆಗಳ ಮೇಲೆ ನಡೆಸಿಕೊಂಡು ಹೋಗಬೇಕು. ದಾರಿಯೋ, ಇರುವುದೇ ಇಲ್ಲ! ಒಂದು ಹಿಡಿಯನ್ನು ತಿರುಗಿಸಿದರೆ ದೂರದ ಕಂಬದ ತುದಿ ಹತ್ತಿರದ ಜಗಲಿಗೆ ಕೂಡಿದಂತೆ ಕಾಣುತ್ತದೆ. ಕಂಡಿತೋ, ಕೂಡಿತೆಂದೇ ಲೆಕ್ಕ. ಹುಡುಗಿ ಸರಸರನೆ ದಾಟಿಬಿಡುತ್ತಾಳೆ. ಎಷ್ಟು ಹತ್ತಿದರೂ ಹೊರಟ ಜಾಗಕ್ಕೇ ಬಂದು ಮುಟ್ಟುವ ಮೆಟ್ಟಿಲುಗಳನ್ನು ಡಚ್ ಚಿತ್ರಗಾರ ಎಶರ್ 1960ರಲ್ಲಿ ಬರೆದನಲ್ಲ, ಅದೇ ಜಾತಿಯ ಕಣ್ಕಟ್ಟು. ನಮ್ಮ ಬಾಲಾನಗರದ ಮೇಲ್ಸೇತುವೆ 2021ರಲ್ಲಿ ತೆರೆಯುವವರೆಗೆ ಕೆಳಗಿನ ಧೂಳಿನಲ್ಲಿ ವರ್ಷಗಟ್ಟಲೆ ಕಾದವರಿಗೆ, ಬೆರಳ ತುದಿಯಿಂದ ಸೇತುವೆ ಕಟ್ಟುವ ಈ ಸುಖ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

2017ರಲ್ಲಿ ಎರಡನೆಯದು ಬಂದಿತು. ಈ ಸಲ ಇಬ್ಬರು: ರೋ ಎಂಬ ತಾಯಿ, ಅವಳ ಬೆನ್ನಿಗೆ ಅವಳ ಪುಟ್ಟ ಮಗಳು. ಬಣ್ಣ ಇನ್ನೂ ಚೆಂದ, ಸಂಗೀತ ಇನ್ನೂ ಇಂಪು, ಅಧ್ಯಾಯಗಳೂ ಹದಿನಾಲ್ಕು. ಆದರೆ ಒಗಟು ಎಲ್ಲಿ ಸ್ವಾಮಿ? ಮೊದಲನೆಯದರಲ್ಲಿ ದಾರಿಗೆ ಅಡ್ಡ ನಿಂತು ಕಿರಿಚುವ ಕಾಗೆಜನರಿದ್ದರು. ಟೋಟೆಮ್ ಎಂಬ ಹಳದಿ ಕಂಬದಂಥ ಗೆಳೆಯನಿದ್ದ. ಅವನ ತಲೆಯ ಮೇಲೆ ಹತ್ತಿಸಿ ಹುಡುಗಿಯನ್ನು ದಾಟಿಸುವಷ್ಟರಲ್ಲಿ ನಾವು ತಲೆ ಕೆರೆದುಕೊಳ್ಳಬೇಕಾಗುತ್ತಿತ್ತು. ನಡೆಯುವವರು ಇಬ್ಬರಾದ ಮೇಲೆ ತೊಡಕೂ ಇಮ್ಮಡಿಯಾಗಬೇಕಷ್ಟೆ? ಇಲ್ಲಿ ಮಗು ಹೆಚ್ಚಾಗಿ ತಾಯಿಯ ಹೆಜ್ಜೆ ಹಿಡಿದೇ ನಡೆದುಬಿಡುತ್ತದೆ. ಒಳ್ಳೆಯ ಅವಕಾಶ ಕೈಬಿಟ್ಟರು ಎಂದೇ ನನ್ನ ದೂರು.

"ಮೊದಲನೆಯದೇ ಮೇಲು" ಎಂದು ತೀರ್ಪು ಕೊಟ್ಟೆ. ಮಗಳೂ ನನ್ನ ಪಕ್ಷವೇ: "ಹೌದಪ್ಪಾ, ಎರಡನೇದು ಭಾಳ ಸರಳ ಅದ."

"ಸರಳ ಅಂತ ಯಾರು ಹೇಳ್ಯಾರ?" ಎಂದಳು ನನ್ನಾಕೆ, ಮೊಬೈಲಿನಿಂದ ಕಣ್ಣೆತ್ತದೆ.

ಆಟದ ನಡುವೆ ಒಂದೆಡೆ ತಾಯಿ ಮಗಳನ್ನು ಒಬ್ಬಳನ್ನೇ ಮುಂದಕ್ಕೆ ಕಳಿಸುತ್ತಾಳೆ. ಆಮೇಲೆ ರೋ ಒಂಟಿಯಾಗಿ ನಡೆಯುತ್ತಾಳೆ. ಮಗಳು ಹತ್ತು ನಿಮಿಷದಲ್ಲಿ ಮುಗಿಸಿದ ಆ ಭಾಗಕ್ಕೆ ಇವಳು ಒಂದು ಗಂಟೆ ಹಿಡಿದಳು. ಬರುವ ಜೂನ್ ತಿಂಗಳಲ್ಲಿ ನಮ್ಮವಳು ಧಾರವಾಡದ ಅಜ್ಜಿಯ ಮನೆಗೆ ಹೋಗುವವಳು. ಕನ್ನಡ ಶಾಲೆಗೆ ಹೆಸರು ಹಚ್ಚಿದ್ದಾಗಿದೆ. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಅಜ್ಜಿ ಬರೆದ ಕಾಗದವನ್ನು ನಾನೇ ಓದಿ ಹೇಳಬೇಕಾದಾಗ ಈ ಯೋಚನೆ ತೆಗೆದವನೂ ನಾನೇ. ಒಪ್ಪಿದವಳು ಅವಳು. ಆ ರಾತ್ರಿ ನಾನು ಎರಡನೆಯದನ್ನು ಮೊದಲಿನಿಂದ ಇನ್ನೊಮ್ಮೆ ಆಡಿದೆ. ಒಗಟು ಈಗಲೂ ಸುಲಭವೇ. ಆದರೆ ಮಗಳು ಹೊರಡುವ ಕಡೆ ನನ್ನ ಬೆರಳೂ ಸ್ವಲ್ಪ ತಡೆಯಿತು.

ಮೂರನೆಯದೂ 2024ರ ಡಿಸೆಂಬರಿನಲ್ಲಿ ಬಂದಿದೆ. ದೀಪಸ್ತಂಭ ಕಾಯಲು ಕಲಿಯುತ್ತಿರುವ ನೂರ್ ಎಂಬ ಹುಡುಗಿಯ ಕಥೆ. ಮಗಳು ದಸರೆಯ ರಜೆಗೆ ಬಂದಾಗಲೇ ಅದನ್ನು ತೆಗೆಯುವುದೆಂದು ಮೂವರೂ ಒಪ್ಪಿದ್ದೇವೆ. ಅಲ್ಲಿಯವರೆಗೆ ಯಾರೂ ಕದ್ದು ಆಡುವ ಹಾಗಿಲ್ಲ. ಈ ಕಟ್ಟಳೆಯನ್ನು ಮಾಡಿದವಳು ಮಗಳು; ಮಾಡುವಾಗ ನೋಡಿದ್ದು ನನ್ನ ಮುಖವನ್ನು.