ಹಿತ್ತಿಲ ಓಣಿಯ ಸಾಕ್ಷ್ಯ

ಬಸವನಗುಡಿ, ಮಲ್ಲೇಶ್ವರಗಳ ಮಾತು ಬಂದರೆ ಸಾಕು, ಬೆಂಗಳೂರಿನ ಸುಶಿಕ್ಷಿತರ ದನಿ ತೇವವಾಗುತ್ತದೆ. ಅಗಲವಾದ ಬೀದಿ, ಸಾಲುಮರ, ಮನೆಯ ಸುತ್ತ ಗಾಳಿಬೆಳಕು! "ಆಗ ಜನ ಕಡಿಮೆ, ಅದಕ್ಕೇ ಆರೋಗ್ಯವಿತ್ತು; ಕಂಡಕಂಡವರೆಲ್ಲ ಬಂದು ಸೇರಿ ಊರು ಕೆಟ್ಟಿತು" ಎಂಬುದು ಅವರ ತೀರ್ಪು. ಈ ತೀರ್ಪನ್ನು ನಾನು ಒಪ್ಪಲಾರೆ.

ಜನ ಆ ಬಡಾವಣೆಗಳಿಗೆ ಹೋದದ್ದು ಪ್ರಾಣಭಯದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಮನೆಗಳಲ್ಲಿ ಇಲಿ ಬಿದ್ದವು. ಅವುಗಳ ಹಿಂದೆಯೇ ಮನುಷ್ಯರೂ ಬಿದ್ದರು. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುವುದೆಂದು ಫ್ರಾನ್ಸಿನ ವೈದ್ಯ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದೂ ಆ ವರ್ಷವೇ. ಮುಂದೆ ದಂಡು ಪ್ರದೇಶದಲ್ಲಿ ಫ್ರೇಜರ್ ಟೌನ್ ಎದ್ದಾಗ, ಇಲಿ ಸೇರದಂತೆ ಮನೆ ಕಟ್ಟುವ ಕ್ರಮವನ್ನು ಎಂಜಿನಿಯರ್ ಸ್ಟೀಫನ್ಸ್ ರೂಪಿಸಿದರು. 1914ರಲ್ಲಿ ಪುಸ್ತಕವನ್ನೂ ಬರೆದರು. ಇದೆಲ್ಲ ಮೆಚ್ಚತಕ್ಕದ್ದೇ.

ಆದರೆ ಆ ಗಾಳಿಬೆಳಕು ಯಾರ ಪಾಲಿಗೆ ಬಂತು? ನಿವೇಶನ ಕೊಂಡು ಮನೆ ಕಟ್ಟಿಸಬಲ್ಲವರಿಗೆ. ಕೈಲಾಗದವರು ಪೇಟೆಯಲ್ಲೇ ಉಳಿದರು. ಪ್ಲೇಗು ಮತ್ತೆ ಮತ್ತೆ ಅವರ ಬಾಗಿಲಿಗೇ ಬಂತು. ಹೊಸ ಬಡಾವಣೆಗಳ ಭಾಗಗಳನ್ನು ಜಾತಿವಾರು ವಿಂಗಡಿಸಿದ್ದರೆಂಬುದನ್ನೂ ನಮ್ಮ ಸ್ಮರಣಪ್ರಿಯರು ಮರೆಯುತ್ತಾರೆ.

ಅದಕ್ಕಿಂತ ದೊಡ್ಡ ಸಾಕ್ಷಿ ಮನೆಗಳ ಹಿಂದಿನ ಕಿರಿಯ ಓಣಿ. ಅದು ಜಲಗಾರನ ದಾರಿ. ಮುಂಬಾಗಿಲಿನವರ ಕಣ್ಣಿಗೆ ಬೀಳದಂತೆ ಹಿತ್ತಿಲಿಗೆ ಬಂದು, ಕಕ್ಕಸಿನ ಮಲವನ್ನು ಎತ್ತಿ ಅವನು ಹೊರಬೇಕಾಗಿತ್ತು. ಬೀದಿಯ ಶುಚಿಯನ್ನು ಕಾಯ್ದವನು ಅವನು. ಹೊಗಳಿಕೆ ಮಾತ್ರ ಸಾಲುಮರಗಳಿಗೆ! ಅವನ ಗುಡಿಸಲಿಗೆ ಗಾಳಿಬೆಳಕು ಇತ್ತೇ ಎಂದು ಕೇಳಿದವರೆಷ್ಟು ಮಂದಿ?

ಜನ ಹೆಚ್ಚಿದ್ದರಿಂದ ರೋಗ ಬಂತೆನ್ನುವುದು ಸುಲಭದ ಮಾತು. ಜನ ಹೆಚ್ಚಿದಷ್ಟೂ ಮನೆ, ನೀರು, ಒಳಚರಂಡಿಗಳು ಹೆಚ್ಚದಿದ್ದರೆ ರೋಗ ಬರುತ್ತದೆ. ಆ ಹೊಣೆಯನ್ನು ಆಡಳಿತ ಹೊರಬೇಕು. ಅದನ್ನು ಕೇಳುವ ಕೆಲಸ ನಮ್ಮದು. ಅದನ್ನು ಬಿಟ್ಟು, ಹೊಟ್ಟೆಪಾಡಿಗೆ ಬಂದ ಕೂಲಿಯವನನ್ನು ದೂರುವುದು ಯಾವ ನ್ಯಾಯ? ಮಲ ಹೊರಿಸುವುದನ್ನೂ, ರಕ್ಷಣೆಯಿಲ್ಲದೆ ಚರಂಡಿಗೆ ಇಳಿಸುವುದನ್ನೂ 2013ರ ಕಾಯಿದೆ ನಿಷೇಧಿಸಿದೆ. ಆದರೂ ಚರಂಡಿಗಿಳಿದವರು ಉಸಿರುಕಟ್ಟಿ ಸಾಯುವ ಸುದ್ದಿ ನಿಂತಿಲ್ಲ. ಹಿತ್ತಿಲ ಓಣಿಗಳು ಎಷ್ಟೋ ಕಡೆ ಒತ್ತುವರಿಯಾಗಿ ಮುಚ್ಚಿಹೋದವು. ಅವುಗಳನ್ನು ಮಾಡಿಸಿದ ಬುದ್ಧಿ ನಮ್ಮನ್ನು ಬಿಟ್ಟಿಲ್ಲ.

ಹಳೆಯ ಮರಗಳನ್ನೂ ಮನೆಗಳನ್ನೂ ಉಳಿಸಿಕೊಳ್ಳೋಣ, ಬೇಡವೆನ್ನುವುದಿಲ್ಲ. ಜೊತೆಗೆ ಪ್ಲೇಗು ಕಲಿಸಿದ ಪಾಠವನ್ನೂ ಉಳಿಸಿಕೊಳ್ಳೋಣ: ಪಕ್ಕದ ಕೇರಿಯನ್ನು ಕೊಳೆಯಲು ಬಿಟ್ಟು ನಮ್ಮ ಬಡಾವಣೆಯೊಂದೇ ಆರೋಗ್ಯವಾಗಿರಲಾರದು. ಇಲಿಗೆ ಬಡಾವಣೆಯ ಎಲ್ಲೆ ತಿಳಿಯದು.