ಬೋರ್ಡಿಲ್ಲದ ಬೇಲಿ

ನಮ್ಮ ಹಾವೇರಿ ಜಿಲ್ಲೆಯಲ್ಲಿ ವೇದಿಕೆ ಹತ್ತಿದವರೆಲ್ಲ ಹೇಳುವ ಮಾತೊಂದಿದೆ: ಇದು ಶಿಶುನಾಳ ಶರೀಫರ ನೆಲ, ಕನಕದಾಸರ ನೆಲ, ಸರ್ವಜ್ಞನ ನೆಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಹೇಳಿದರೂ ಚಪ್ಪಾಳೆ ಬೀಳುತ್ತದೆ. 2010ರ ಜುಲೈ 20ರಂದು ಇದೇ ನೆಲದ ಸವಣೂರಿನಲ್ಲಿ, ಪುರಸಭೆಯ ಮುಂದೆ, ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಊರಿನ ಪಾಯಖಾನೆ ಬಳಿದ ಕುಟುಂಬಗಳವು. ವಾಸವಿದ್ದ ಜಾಗ ಖಾಲಿ ಮಾಡಿ ಎಂಬ ಒತ್ತಡದೆದುರು ಅವರಿಗೆ ಉಳಿದದ್ದು ಅದೊಂದೇ ಭಾಷೆ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ರೈಲು ಡಬ್ಬಿ, ಬೇರೆ ಶಾಲೆ ಎಂದು ಕಾನೂನೇ ಇತ್ತು. ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿ 1868ರಲ್ಲೇ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಟ್ಟಿತ್ತು. ಆದರೂ 1896ರಲ್ಲಿ ಸುಪ್ರೀಂ ಕೋರ್ಟು, ಬೇರೆ ಇಟ್ಟರೂ ಸಮಾನವೇ ಎಂದು ಬೇಲಿಗೆ ಮೊಹರು ಒತ್ತಿತು. ಶಾಲೆಗಳ ಮಟ್ಟಿಗೆ ಆ ಮೊಹರು ಅಳಿಸಿದ್ದು 1954ರಲ್ಲಿ.

ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಅದೇ ಸಮಾನ ರಕ್ಷಣೆಯ ಮಾತಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೊಡೆದುಹಾಕಿದೆ. ಹಾಗಾದರೆ ನಾವು ಅವರಿಗಿಂತ ಮುಂದಿದ್ದೇವೆಯೇ? ಅವರ ಬೇಲಿಗೆ ಬೋರ್ಡಿತ್ತು. ಬೋರ್ಡನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು, ಕಿತ್ತೂ ಹಾಕಬಹುದು. ಭಂಗಿಯ ಮಗ ಪೊರಕೆಯನ್ನೇ ಹಿಡಿಯಲಿ ಎಂದು ನಮ್ಮ ಯಾವ ಕಾಯಿದೆಯೂ ಹೇಳುವುದಿಲ್ಲ. ಆದರೂ ಆ ಪೊರಕೆ ಅಪ್ಪನ ಕೈಯಿಂದ ಮಗನ ಕೈಗೇ ಹೋಗುತ್ತದೆ.

ಕಾನೂನುಗಳಿಗೇನೂ ಬರವಿಲ್ಲ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದು ನಿಷೇಧವಾಯಿತು. 1993ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಅದಾಗಿ ಹದಿನೇಳು ವರ್ಷಕ್ಕೆ ಸವಣೂರಿನ ಆ ದಿನ ಬಂತು! 2013ರ ಕಾಯಿದೆ ಇನ್ನೂ ಮುಂದೆ ಹೋಗಿ ಮನೆಗೆ ನಿವೇಶನ, ಮಕ್ಕಳಿಗೆ ವಿದ್ಯಾರ್ಥಿವೇತನ, ಬೇರೆ ಕಸುಬಿಗೆ ತರಬೇತಿ ಮತ್ತು ಸಾಲ ಎನ್ನುತ್ತದೆ. ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸತ್ತ ಮೇಲಿನ ಬೆಲೆ ಏರುತ್ತಿದೆ. ಬದುಕಿದ್ದಾಗಿನದು?

ಕೆಲಸ ಅಂದಮೇಲೆ ಕೆಲಸ, ಅವರೇ ಕೇಳುತ್ತಾರೆ, ಪುರಸಭೆ ಕೊಡುತ್ತದೆ, ಇದರಲ್ಲೇನು ತಪ್ಪು ಎನ್ನುವವರಿದ್ದಾರೆ. ಹಾಗಿದ್ದರೆ ಆ ಕೆಲಸಕ್ಕೆ ಬೇರೆ ಕೇರಿಯವರು ಏಕೆ ಸಾಲು ಹಚ್ಚುವುದಿಲ್ಲ? ಪೊರಕೆಯೊಂದನ್ನೇ ಮುಂದಿಟ್ಟು ಆರಿಸಿಕೋ ಎಂದರೆ ಅದು ಆಯ್ಕೆಯೇ? ಸಮಾನ ರಕ್ಷಣೆ ಎಂದರೆ ಸರ್ಕಾರ ಕೈಕಟ್ಟಿ ಕೂತು ಯಾರಿಗೂ ಭೇದ ಮಾಡಿಲ್ಲ ಎನ್ನುವುದಲ್ಲ. ಊರು ಕಟ್ಟಿದ ಬೇಲಿಯನ್ನು ತಾನೇ ಎದ್ದು ಕೀಳುವುದು.

ನಮ್ಮ ಜಮಾತಿನವರಿಗೂ ಒಂದು ಮಾತು. ಸವಣೂರು ನವಾಬರ ಊರು. ನಮಾಜಿನ ಸಾಲಿನಲ್ಲಿ ಮೇಲುಕೀಳಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಸಾಲು ಮಸೀದಿಯ ಹೊಸ್ತಿಲಿಗೇ ನಿಲ್ಲಬೇಕೆಂದು ಯಾರೂ ಹೇಳಿಲ್ಲ. 14ನೇ ವಿಧಿ ನಮಗೆ ಬೇಕಾದಾಗ ಗುರಾಣಿ, ಭಂಗಿಗೆ ಬೇಕಾದಾಗ ಬರೀ ಹಾಳೆ ಆಗಬಾರದು.

ನಾವು ಕೇಳುವುದು ಇಷ್ಟೇ. ಈ ನಾಲ್ಕೂ ಊರುಗಳ ಆಡಳಿತ ಒಂದು ಪಟ್ಟಿ ಮಾಡಲಿ: ಊರು ಗುಡಿಸುವ ಎಷ್ಟು ಕುಟುಂಬಗಳ ಹೆಸರಿಗೆ ಮನೆಯ ಹಕ್ಕುಪತ್ರವಿದೆ? ಅವರ ಎಷ್ಟು ಮಕ್ಕಳು ಬೇರೆ ಕಸುಬು ಹಿಡಿದಿದ್ದಾರೆ? ಆ ಪಟ್ಟಿಯನ್ನು ಕಚೇರಿಯ ಗೋಡೆಗೆ ಹಚ್ಚಲಿ. ಶರೀಫರ ಹೆಸರು ಹೇಳುವುದು ಆಮೇಲೆ.